ಬಣ್ಣದ ಮರೆಯ ತುಕ್ಕು: ಹಳೆಯ ಎಂ.ಜಿ.ಬಿ. ಕಾರನ್ನು ಕೊಳ್ಳುವ ಮುನ್ನ

‘ಮೇಲೆ ಥಳಕು, ಒಳಗೆ ಹುಳುಕು’ ಎಂಬ ಗಾದೆಯನ್ನು ನಮ್ಮ ಹಿರಿಯರು ಮನುಷ್ಯರ ನಡತೆಯನ್ನು ಕುರಿತು ಹೇಳಿದರು. ಹಳೆಯ ಮೋಟಾರು ಕಾರುಗಳ ವಿಷಯದಲ್ಲಿ ಈ ಮಾತು ಅಕ್ಷರಶಃ ನಿಜವಾಗುತ್ತದೆ. ಕನ್ನಡಿಯಂತೆ ಹೊಳೆಯುವ ಕೆಂಪು ಬಣ್ಣ, ಬೆಳ್ಳಿಯ ಮೆರುಗಿನ ಬಂಪರು, ಹೊಸದಾಗಿ ಹೊದಿಸಿದ ಆಸನಗಳು ಇವನ್ನು ಕಂಡು ಮನಸೋತು ಹಣ ಕೊಟ್ಟವನು, ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಬಾಗಿಲಿನ ಬುಡದಲ್ಲಿ ಸಣ್ಣ ಸಣ್ಣ ಗುಳ್ಳೆಗಳೇಳುವುದನ್ನು ಕಾಣುತ್ತಾನೆ. ಗುಳ್ಳೆಯನ್ನು ಬೆರಳಿನಿಂದ ಒತ್ತಿದರೆ ಬೆರಳು ಒಳಗೇ ಹೋಗುತ್ತದೆ. ಅಲ್ಲಿ ಇರಬೇಕಾಗಿದ್ದ ಉಕ್ಕಿನ ತಗಡು ಎಂದೋ ಕೆಂಪು ಪುಡಿಯಾಗಿ ಉದುರಿಹೋಗಿರುತ್ತದೆ.

ಹಳೆಯ ಕ್ರೀಡಾಕಾರುಗಳನ್ನು ಕೊಂಡು ಕಾಪಾಡುವ ಹವ್ಯಾಸ ಇಂಗ್ಲೆಂಡಿನಲ್ಲಿ ಬಹಳ ವ್ಯಾಪಕವಾದುದು. ವಿದ್ಯಾಭ್ಯಾಸ ಮುಗಿಸಿ ಆ ದೇಶದಲ್ಲಿ ನೆಲೆಸಿರುವ ಕನ್ನಡಿಗರಿಗೆ ಈ ಲೇಖನ ನೇರವಾಗಿ ಉಪಯೋಗಕ್ಕೆ ಬಂದೀತು. ಇಲ್ಲಿಯೇ ಇರುವ ಅಧ್ಯಾಪಕ ಮಿತ್ರರಿಗೆ, ಅದರಲ್ಲಿಯೂ ರಸಾಯನ ವಿಜ್ಞಾನವನ್ನು ಬೋಧಿಸುವವರಿಗೆ, ಲೋಹಕ್ಷಯದ ಪಾಠಕ್ಕೆ ಹಳೆಯ ಕಾರಿಗಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ. ಎಲ್ಲ ಕಾರುಗಳನ್ನೂ ಕುರಿತು ಮೇಲುಮೇಲಕ್ಕೆ ಹೇಳುವುದರ ಬದಲು, ಅತ್ಯಂತ ಜನಪ್ರಿಯವಾದ ಒಂದೇ ಕಾರನ್ನು ತೆಗೆದುಕೊಂಡು ವಿವರಿಸುವುದು ಯುಕ್ತವೆಂದು ಭಾವಿಸಿದ್ದೇನೆ. ಆ ಕಾರು ಎಂ.ಜಿ.ಬಿ.

ಕಾರಿನ ಪರಿಚಯ

ಎಂ.ಜಿ. ಎಂಬುದು ‘ಮಾರಿಸ್ ಗ್ಯಾರೇಜಸ್’ ಎಂಬ ಹೆಸರಿನ ಸಂಕ್ಷಿಪ್ತ ರೂಪ. ಆಕ್ಸ್‌ಫರ್ಡಿನ ವಿಲಿಯಂ ಮಾರಿಸ್ ಎಂಬ ಉದ್ಯಮಿಯ ಮಾರಾಟ ಹಾಗೂ ದುರಸ್ತಿಯ ಮಳಿಗೆಯಿಂದ ಹುಟ್ಟಿದ ಹೆಸರು ಇದು. ಆ ನಗರಕ್ಕೆ ಸಮೀಪದ ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಎಂ.ಜಿ.ಬಿ. ಕಾರುಗಳು ಸಿದ್ಧವಾದುವು. ಮೊದಲು ಬಂದುದು ಇಬ್ಬರು ಕೂರಬಹುದಾದ, ತೆರೆದ ಮೇಲ್ಭಾಗದ ರೋಡ್‌ಸ್ಟರ್. 1965ರಲ್ಲಿ ಗಟ್ಟಿ ಛಾವಣಿಯ ಜಿ.ಟಿ. ಮಾದರಿ ಸೇರಿಕೊಂಡಿತು. ಎರಡೂ ಸೇರಿ ಐದು ಲಕ್ಷಕ್ಕೂ ಮಿಕ್ಕಿ ಕಾರುಗಳು ಹೊರಬಂದುವು. ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ರಫ್ತಾದುವು.

ನಮಗೂ ಈ ಕಾರಿಗೂ ದೂರದ ನಂಟೊಂದಿದೆ. ನಮ್ಮ ರಸ್ತೆಗಳಲ್ಲಿ ದಶಕಗಳ ಕಾಲ ಓಡಾಡಿದ, 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಿಡರ್ ಕಾರು ಅದೇ ಮಾರಿಸ್ ಮನೆತನದ ‘ಮಾರಿಸ್ ಆಕ್ಸ್‌ಫರ್ಡ್’ ಕಾರಿನ ರೂಪಾಂತರ. ಅಂಬಾಸಿಡರಿನ 1489 ಘನ ಸೆಂಟಿಮೀಟರುಗಳ ಪೆಟ್ರೋಲ್ ಎಂಜಿನ್ನೂ ಎಂ.ಜಿ.ಬಿ.ಯ 1798 ಘನ ಸೆಂಟಿಮೀಟರುಗಳ ಎಂಜಿನ್ನೂ ‘ಬಿ ಶ್ರೇಣಿ’ ಎಂಬ ಒಂದೇ ಕುಲಕ್ಕೆ ಸೇರಿದವು. ಹೀಗಾಗಿ ಅಂಬಾಸಿಡರನ್ನು ಬಿಚ್ಚಿ ಜೋಡಿಸಿದ ನಮ್ಮ ಮೆಕ್ಯಾನಿಕನಿಗೆ ಎಂ.ಜಿ.ಬಿ.ಯ ಎಂಜಿನ್ನು ಪರಕೀಯವೆನಿಸುವುದಿಲ್ಲ.

ಆದರೆ ಇಂತಹ ಕಾರನ್ನು ಕೊಳ್ಳುವಾಗ ಮೊದಲ ಗಮನ ಎಂಜಿನ್ನಿಗೆ ಸಲ್ಲತಕ್ಕದ್ದಲ್ಲ. ಎಂ.ಜಿ.ಬಿ.ಯ ಯಂತ್ರಭಾಗಗಳು ಇಂದಿಗೂ ಸುಲಭವಾಗಿ, ಸಾಧಾರಣ ಬೆಲೆಗೆ ದೊರೆಯುತ್ತವೆ. ಎಂಜಿನ್ನನ್ನು ಇಳಿಸಿ, ಸರಿಪಡಿಸಿ, ಮತ್ತೆ ಏರಿಸಬಹುದು. ಬಾಡಿಯ ಕೆಲಸ ಹಾಗಲ್ಲ. ನಮ್ಮಲ್ಲಿ ಟಿಂಕರಿಂಗ್ ಎಂದು ಕರೆಯುವ ಆ ಕೆಲಸದಲ್ಲಿ ತಗಡಿನ ಬೆಲೆ ಅಲ್ಪ, ಕುಶಲ ಕೈಗಳ ಕೂಲಿ ಅಪಾರ. ಕತ್ತರಿಸುವುದು, ಅಳತೆಗೆ ತರುವುದು, ಬೆಸೆಯುವುದು, ಉಜ್ಜುವುದು, ಬಣ್ಣ ಬಳಿಯುವುದು ಎಲ್ಲವೂ ಗಂಟೆಗಳ ಲೆಕ್ಕ. ಕಾರಿನ ಬೆಲೆಗಿಂತ ಅದರ ಬಾಡಿಯ ದುರಸ್ತಿಯ ಬೆಲೆಯೇ ಮಿಗಿಲಾಗುವ ಪ್ರಸಂಗಗಳು ವಿರಳವಲ್ಲ.

ಹಣಕ್ಕಿಂತಲೂ ದೊಡ್ಡ ಪ್ರಶ್ನೆ ಪ್ರಾಣರಕ್ಷಣೆಯದು. ಎಂ.ಜಿ.ಬಿ.ಗಿಂತ ಹಿಂದಿನ ಎಂ.ಜಿ.ಎ. ಕಾರಿನಲ್ಲಿ ಬಲವಾದ ಷಾಸಿಯೊಂದು ಪ್ರತ್ಯೇಕವಾಗಿ ಇತ್ತು. ಬಾಡಿಯನ್ನು ಅದರ ಮೇಲೆ ಕೂರಿಸಲಾಗುತ್ತಿತ್ತು. ಎಂ.ಜಿ.ಬಿ.ಯಲ್ಲಿ ಷಾಸಿ ಬೇರೆಯಾಗಿಲ್ಲ. ತೆಳುವಾದ ಉಕ್ಕಿನ ತಗಡುಗಳನ್ನು ಒತ್ತಿ, ಮಡಿಸಿ, ಪೆಟ್ಟಿಗೆಯಾಕಾರಕ್ಕೆ ಬೆಸೆದು, ಬಾಡಿಯೇ ಭಾರವನ್ನೆಲ್ಲ ಹೊರುವಂತೆ ರಚಿಸಲಾಗಿದೆ. ತೆರೆದ ಕಾರಿಗೆ ಛಾವಣಿಯ ಆಸರೆಯೂ ಇಲ್ಲವಾದುದರಿಂದ ಮುಂಭಾಗವನ್ನೂ ಹಿಂಭಾಗವನ್ನೂ ಒಂದುಗೂಡಿಸಿ ಹಿಡಿದಿರುವ ಮುಖ್ಯ ಆಧಾರಗಳು ಮೂರೇ: ನಡುವೆ ಹಾದುಹೋಗುವ ಸುರಂಗದಂತಹ ಭಾಗ ಮತ್ತು ಎರಡು ಬಾಗಿಲುಗಳ ಕೆಳಗೆ ಹೊಸ್ತಿಲಿನಂತೆ ಉದ್ದಕ್ಕೂ ಚಾಚಿರುವ ಎರಡು ‘ಸಿಲ್’ಗಳು. ಸಿಲ್‌ಗಳು ತುಕ್ಕು ಹಿಡಿದರೆ ಅಪಘಾತದ ಕ್ಷಣದಲ್ಲಿ ಕಾರು ನಡುವಿನಲ್ಲಿ ಮಡಿಸಿಕೊಳ್ಳಬಹುದು. ಆದಕಾರಣ ಬಾಡಿಯ ಪರೀಕ್ಷೆಯೆಂದರೆ ಬರಿಯ ಅಂದಚೆಂದದ ವಿಚಾರವೆಂದು ತಿಳಿಯತಕ್ಕದ್ದಲ್ಲ.

ತುಕ್ಕಿನ ಸ್ವಭಾವ

ತುಕ್ಕು ಎಲ್ಲಿ ಅಡಗಿರುತ್ತದೆಂಬುದನ್ನು ಅರಿಯಲು ಅದು ಹೇಗೆ ಹುಟ್ಟುತ್ತದೆಂಬುದನ್ನು ತಿಳಿದಿರಬೇಕು. ಕಬ್ಬಿಣಕ್ಕೆ ನೀರೂ ಆಮ್ಲಜನಕವೂ ಒಟ್ಟಿಗೆ ತಗುಲಿದಾಗ ಅದರ ಮೇಲ್ಮೈಯಲ್ಲಿ ಸಣ್ಣದೊಂದು ವಿದ್ಯುತ್ಕೋಶವೇ ಏರ್ಪಡುತ್ತದೆ. ಒಂದೆಡೆ ಕಬ್ಬಿಣವು ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುತ್ತದೆ. ಮತ್ತೊಂದೆಡೆ ಆ ಎಲೆಕ್ಟ್ರಾನುಗಳನ್ನು ಆಮ್ಲಜನಕವೂ ನೀರೂ ಸ್ವೀಕರಿಸುತ್ತವೆ. ಕರಗಿದ ಕಬ್ಬಿಣ ಕೊನೆಗೆ ಜಲಯುಕ್ತ ಆಕ್ಸೈಡಾಗಿ ನೆಲೆಗೊಳ್ಳುತ್ತದೆ. ಅದೇ ತುಕ್ಕು. ಅಲ್ಯೂಮಿನಿಯಮಿನ ಆಕ್ಸೈಡು ಲೋಹಕ್ಕೆ ಅಂಟಿಕೊಂಡು ಕವಚದಂತೆ ಕಾಪಾಡುತ್ತದೆ. ಕಬ್ಬಿಣದ ತುಕ್ಕಾದರೋ ಸಡಿಲವಾದ, ರಂಧ್ರಮಯವಾದ ವಸ್ತು. ತೇವವನ್ನು ಹೀರಿ ಹಿಡಿದಿಟ್ಟುಕೊಂಡು ಕೆಳಗಿನ ಲೋಹವನ್ನು ಇನ್ನಷ್ಟು ತಿನ್ನಲು ಅನುವು ಮಾಡಿಕೊಡುತ್ತದೆ. ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗವನ್ನು ಆಕ್ರಮಿಸುವುದರಿಂದ ಅದು ಬಣ್ಣವನ್ನು ಮೇಲೆತ್ತಿ ಗುಳ್ಳೆಯೇಳಿಸುತ್ತದೆ, ಬೆಸೆದ ಎರಡು ತಗಡುಗಳನ್ನು ಒಂದರಿಂದೊಂದು ದೂಡಿ ಅಗಲಿಸುತ್ತದೆ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶ ಎರಡು. ಮೊದಲನೆಯದು, ಇಕ್ಕಟ್ಟಾದ ಸಂದಿನಲ್ಲಿ ನಿಂತ ನೀರಿಗೆ ಹೊರಗಿನ ನೀರಿಗಿಂತ ಕಡಿಮೆ ಆಮ್ಲಜನಕ ದೊರೆಯುತ್ತದೆ. ಈ ವ್ಯತ್ಯಾಸದಿಂದಾಗಿಯೇ ವಿದ್ಯುತ್ಕೋಶವು ಬಲಗೊಂಡು, ಆಮ್ಲಜನಕ ಕಡಿಮೆಯಿರುವ ಒಳಸಂದಿನ ಕಬ್ಬಿಣವೇ ಹೆಚ್ಚಾಗಿ ಕರಗುತ್ತದೆ. ಗಾಳಿ ಬೆಳಕು ಬೀಳುವ ಬಯಲು ಜಾಗಕ್ಕಿಂತ ಕಣ್ಣಿಗೆ ಕಾಣದ ಮೂಲೆಯನ್ನೇ ತುಕ್ಕು ಮೊದಲು ತಿನ್ನುವುದಕ್ಕೆ ಇದು ಕಾರಣ. ಎರಡನೆಯದು, ಉಪ್ಪು ಬೆರೆತ ನೀರಿನಲ್ಲಿ ವಿದ್ಯುತ್ತು ಸರಾಗವಾಗಿ ಹರಿಯುವುದರಿಂದ ಕ್ರಿಯೆ ತೀವ್ರಗೊಳ್ಳುತ್ತದೆ. ಚಳಿಗಾಲದಲ್ಲಿ ರಸ್ತೆಯ ಮೇಲೆ ಹಿಮ ಹೆಪ್ಪುಗಟ್ಟದಿರಲೆಂದು ಇಂಗ್ಲೆಂಡಿನಲ್ಲಿ ಉಪ್ಪನ್ನು ಚೆಲ್ಲುತ್ತಾರೆ. ಚಕ್ರಗಳು ಆ ಉಪ್ಪುನೀರನ್ನು ಬಾಡಿಯ ಅಡಿಯಲ್ಲೆಲ್ಲ ಎರಚುತ್ತವೆ. ನಮ್ಮ ಕರಾವಳಿಯ ಮಂಗಳೂರು, ಕಾರವಾರಗಳಲ್ಲಿ ಕಿಟಕಿಯ ಸರಳುಗಳು ಬಯಲುಸೀಮೆಯವುಗಳಿಗಿಂತ ಬೇಗ ತುಕ್ಕು ಹಿಡಿಯುವುದನ್ನು ಬಲ್ಲವರಿಗೆ ಉಪ್ಪಿನ ಪ್ರಭಾವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎಂ.ಜಿ.ಬಿ. ತಯಾರಾದ ಕಾಲದಲ್ಲಿ ತಗಡುಗಳನ್ನು ಒಂದರ ಮೇಲೊಂದಿಟ್ಟು ಚುಕ್ಕೆಚುಕ್ಕೆಯಾಗಿ ಬೆಸೆದು ಅನಂತರ ಬಣ್ಣ ಹಚ್ಚುತ್ತಿದ್ದರು. ತಗಡುಗಳ ನಡುವಿನ ಸಂದಿಗೂ ಪೆಟ್ಟಿಗೆಗಳ ಒಳಮೈಗೂ ಬಣ್ಣ ಸರಿಯಾಗಿ ತಲಪುತ್ತಿರಲಿಲ್ಲ. ಒಳಹೊಕ್ಕ ನೀರು ಹರಿದುಹೋಗಲೆಂದು ಇಟ್ಟ ಕಿರುರಂಧ್ರಗಳು ಕೆಸರಿನಿಂದ ಮುಚ್ಚಿಹೋದರೆ ನೀರು ಅಲ್ಲಿಯೇ ನಿಲ್ಲುತ್ತದೆ. ಹೀಗಾಗಿ ಈ ಕಾರಿನ ತುಕ್ಕು ಸಾಮಾನ್ಯವಾಗಿ ಒಳಗಿನಿಂದ ಹೊರಕ್ಕೆ ಬರುತ್ತದೆ. ಹೊರಮೈಯಲ್ಲಿ ಒಂದು ಗುಳ್ಳೆ ಕಂಡಿತೆಂದರೆ ಒಳಗಿನ ಕ್ಷಯ ಬಹುಕಾಲದ ಹಿಂದೆಯೇ ಆರಂಭವಾಗಿದೆಯೆಂದು ತಿಳಿಯತಕ್ಕದ್ದು.

ಪರೀಕ್ಷೆಗೆ ಸಿದ್ಧತೆ

ಕಾರನ್ನು ನೋಡಲು ಹಗಲು ಹೊತ್ತಿನಲ್ಲಿ, ಮಳೆಯಿಲ್ಲದ ದಿನ ಹೋಗಬೇಕು. ನೆನೆದ ಬಣ್ಣವು ಎಲ್ಲ ಏರುತಗ್ಗುಗಳನ್ನೂ ಮರೆಮಾಚುತ್ತದೆ. ಮಬ್ಬು ಬೆಳಕಿನ ಗ್ಯಾರೇಜಿನೊಳಗೆ ನಿಂತ ಕಾರನ್ನು ಹೊರಗೆ ತರಿಸಿಯೇ ನೋಡಬೇಕು. ಜೊತೆಯಲ್ಲಿ ಒಯ್ಯಬೇಕಾದ ಸಾಧನಗಳು ಅತಿ ಸರಳ: ಒಳ್ಳೆಯ ಟಾರ್ಚು, ಬಣ್ಣಕ್ಕೆ ಗೀರು ಬೀಳದಂತೆ ತೆಳುಬಟ್ಟೆಯಲ್ಲಿ ಸುತ್ತಿದ ಸಣ್ಣ ಅಯಸ್ಕಾಂತ, ಹಿಡಿಕೆಯುಳ್ಳ ಕಿರುಗನ್ನಡಿ, ಮೊಂಡು ತುದಿಯ ಸ್ಕ್ರೂಡ್ರೈವರ್, ನೆಲದ ಮೇಲೆ ಮಲಗಲು ಒಂದು ಹಳೆಯ ಚಾಪೆ. ರಂಧ್ರದ ಮೂಲಕ ತೂರಿಸಿ ಒಳಭಾಗವನ್ನು ಮೊಬೈಲ್ ಫೋನಿನ ತೆರೆಯ ಮೇಲೆ ನೋಡಬಹುದಾದ ತಂತಿಯ ಕ್ಯಾಮೆರಾಗಳೂ ಈಗ ಅಲ್ಪ ಬೆಲೆಗೆ ದೊರೆಯುತ್ತವೆ. ಸಿಲ್‌ನ ಒಳಮೈಯನ್ನು ನೋಡಲು ಇದಕ್ಕಿಂತ ಉತ್ತಮ ಉಪಾಯವಿಲ್ಲ.

ಒತ್ತಿ, ತಟ್ಟಿ, ರತ್ನಗಂಬಳಿಯನ್ನೆತ್ತಿ ನೋಡುವುದಕ್ಕೆ ಮಾಲೀಕನ ಅನುಮತಿಯನ್ನು ಮೊದಲೇ ಕೇಳಬೇಕು. ಅದು ಸೌಜನ್ಯವೂ ಹೌದು, ಮೊದಲ ಪರೀಕ್ಷೆಯೂ ಹೌದು. ಕಾರಿನ ಅಡಿಯನ್ನು ನೋಡಗೊಡದ ಮಾಲೀಕನಿಂದ ಕಾರನ್ನು ಕೊಳ್ಳದಿರುವುದು ಲೇಸು. ಇನ್ನೊಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು: ಬರಿಯ ಜಾಕಿನ ಆಸರೆಯ ಮೇಲೆ ನಿಂತ ಕಾರಿನ ಕೆಳಗೆ ಎಂದಿಗೂ ತೂರಕೂಡದು. ಭದ್ರವಾದ ಆಧಾರಗಂಬಗಳ ಮೇಲೆ ಕಾರನ್ನು ನಿಲ್ಲಿಸಿದ ಮೇಲೆಯೇ ಕೆಳಗೆ ಹೋಗಬೇಕು. ಹತ್ತಿರದ ಗ್ಯಾರೇಜಿನಲ್ಲಿ ಕಾರನ್ನೆತ್ತುವ ಲಿಫ್ಟನ್ನು ಅರ್ಧ ಗಂಟೆಯ ಮಟ್ಟಿಗೆ ಬಾಡಿಗೆಗೆ ಪಡೆಯುವುದು ಎಲ್ಲಕ್ಕಿಂತ ಸುರಕ್ಷಿತ.

ದೂರದಿಂದ ನೋಡುವುದು

ಆರಂಭದಲ್ಲಿಯೇ ಹತ್ತಿರ ಹೋಗದೆ, ಹತ್ತು ಹೆಜ್ಜೆ ದೂರ ನಿಂತು ಕಾರಿನ ಪಕ್ಕವನ್ನು ನೋಡಬೇಕು. ಬಾಗಿಲಿನ ಸುತ್ತಲಿನ ಸಂದು ಮೇಲಿನಿಂದ ಕೆಳಗಿನವರೆಗೆ ಒಂದೇ ಸಮನಾಗಿದೆಯೇ? ಸಿಲ್‌ಗಳು ಶಕ್ತಿಗುಂದಿದಾಗ ಕಾರು ನಡುವಿನಲ್ಲಿ ಕುಗ್ಗುತ್ತದೆ. ಆಗ ಬಾಗಿಲ ಚೌಕಟ್ಟಿನ ಮೇಲ್ಭಾಗ ಕಿರಿದಾಗಿ ಕೆಳಭಾಗ ಹಿಗ್ಗುತ್ತದೆ. ಬಾಗಿಲಿನ ಹಿಂಬದಿಯ ಸಂದು ಮೇಲೆ ಮುಚ್ಚಿಕೊಂಡು ಕೆಳಗೆ ಬಿಚ್ಚಿಕೊಂಡಿದ್ದರೆ ಅನುಮಾನಪಡಬೇಕು. ಅನಂತರ ಕಾರಿನ ತುದಿಯಲ್ಲಿ ಕುಳಿತು ಪಕ್ಕದ ಉದ್ದಕ್ಕೂ ದೃಷ್ಟಿ ಹಾಯಿಸಬೇಕು. ಬಣ್ಣದಲ್ಲಿ ಪ್ರತಿಬಿಂಬಿಸುವ ಗೋಡೆಯ ಅಂಚು ಅಲೆ ಅಲೆಯಾಗಿ ಮುರಿದು ಕಂಡರೆ ಅಲ್ಲಿ ಪುಟ್ಟಿ ಮೆತ್ತಿದೆಯೆಂದು ಊಹಿಸಬಹುದು.

ಬಾಗಿಲಿನ ಕೆಳಗೆ ಜಾಕ್ ಇಡಲೆಂದೇ ಮಾಡಿದ ಜಾಗದಲ್ಲಿ ಜಾಕ್ ಕೊಟ್ಟು ಕಾರನ್ನು ನಿಧಾನವಾಗಿ ಎತ್ತಿಸುವುದು ಬಹಳ ಹಳೆಯ, ಬಹಳ ಪ್ರಾಮಾಣಿಕವಾದ ಪರೀಕ್ಷೆ. ಚಕ್ರ ನೆಲ ಬಿಡುವ ಮುನ್ನವೇ ತಗಡು ಕರಕರ ಸದ್ದಿನೊಡನೆ ಒಳಕ್ಕೆ ಕುಸಿದರೆ ಮುಂದಿನ ಪರೀಕ್ಷೆಯ ಅಗತ್ಯವಿಲ್ಲ. ಕಾರು ಎದ್ದ ಬಳಿಕ ಬಾಗಿಲನ್ನು ತೆರೆದು ಮುಚ್ಚಬೇಕು. ಎದ್ದಾಗಲೂ ಇಳಿದಾಗಲೂ ಬಾಗಿಲು ಒಂದೇ ರೀತಿ ಮುಚ್ಚಿದರೆ ಬಾಡಿ ಗಟ್ಟಿಯಾಗಿದೆಯೆಂದು ಅರ್ಥ. ಸಂದು ಕಣ್ಣೆದುರಿಗೇ ಹಿಗ್ಗಿದರೆ, ತೆರೆದ ಬಾಗಿಲು ಮತ್ತೆ ಮುಚ್ಚಲೊಲ್ಲದಿದ್ದರೆ, ಆ ಕಾರಿನ ಬೆನ್ನೆಲುಬೇ ಸೋತಿದೆಯೆನ್ನಬೇಕು.

ಸಿಲ್: ಕಾರಿನ ಹೊಸ್ತಿಲು

ಎಂ.ಜಿ.ಬಿ.ಯ ಪರೀಕ್ಷೆಯಲ್ಲಿ ಅರ್ಧ ಸಮಯವನ್ನು ಸಿಲ್‌ಗೆ ಮೀಸಲಿಟ್ಟರೂ ತಪ್ಪಲ್ಲ. ಹೊರಗಿನಿಂದ ಒಂದೇ ತಗಡಿನಂತೆ ಕಾಣುವ ಸಿಲ್ ವಾಸ್ತವದಲ್ಲಿ ಹಲವು ಪದರಗಳ ಪೆಟ್ಟಿಗೆ. ಹೊರಗಿನ ಸಿಲ್, ಒಳಗಿನ ಸಿಲ್, ಅವೆರಡರ ನಡುವೆ ನಿಂತಿರುವ ಅಡ್ಡತಗಡು, ಅಡಿಯಲ್ಲಿ ಉದ್ದಕ್ಕೂ ಓಡುವ ‘ಕ್ಯಾಸಲ್ ರೈಲ್’ ಎಂಬ ಮಡಿಕೆಯ ಪಟ್ಟಿ ಇವೆಲ್ಲ ಸೇರಿ ಬಲ ಕೊಡುತ್ತವೆ. ಒಂದು ಪದರ ಹೋದರೂ ಉಳಿದವುಗಳ ಬಲ ಕುಂದುತ್ತದೆ. ಇನ್ನೊಂದು ವಿಶೇಷವೆಂದರೆ ಹೊರಗಿನ ಸಿಲ್ ಬಾಗಿಲಿನ ಅಗಲಕ್ಕೆ ನಿಲ್ಲುವುದಿಲ್ಲ. ಅದರ ಮುಂತುದಿ ಮುಂದಿನ ಮಡ್ಗಾರ್ಡಿನ ಹಿಂದಕ್ಕೂ ಹಿಂತುದಿ ಹಿಂದಿನ ಮಡ್ಗಾರ್ಡಿನ ಒಳಕ್ಕೂ ಚಾಚಿಕೊಂಡಿವೆ. ಕಣ್ಣಿಗೆ ಕಾಣುವುದು ನಡುವಿನ ಭಾಗ ಮಾತ್ರ.

ಸಿಲ್‌ನ ದುರಸ್ತಿಯಲ್ಲಿ ಮೋಸಕ್ಕೆ ಆಸ್ಪದವಾಗುವುದು ಇದರಿಂದಲೇ. ಕ್ರಮವಾಗಿ ದುರಸ್ತಿ ಮಾಡಬೇಕಾದರೆ ಮುಂದಿನ ಮಡ್ಗಾರ್ಡನ್ನು ಬಿಚ್ಚಿ, ಹಿಂದಿನದರ ಕೆಳಭಾಗವನ್ನು ಕತ್ತರಿಸಿ, ಬಾಗಿಲ ಚೌಕಟ್ಟು ಅಲುಗಾಡದಂತೆ ಅಡ್ಡಪಟ್ಟಿ ಬಿಗಿದು, ತುಕ್ಕು ಹಿಡಿದ ಪದರಗಳನ್ನೆಲ್ಲ ತೆಗೆದು ಹೊಸವನ್ನು ಬೆಸೆಯಬೇಕು. ಇಷ್ಟು ಶ್ರಮಪಡಲೊಲ್ಲದವರು ಕಾಣುವ ಭಾಗದ ಮೇಲೆ ಮಾತ್ರ ಹೊಸ ತಗಡಿನ ಹೊದಿಕೆಯನ್ನು ಬೆಸೆದು ಬಣ್ಣ ಬಳಿದುಬಿಡುತ್ತಾರೆ. ಒಳಗಿನ ಹಳೆಯ ತುಕ್ಕು ಹಾಗೆಯೇ ಉಳಿದು, ಹೊಸ ತಗಡನ್ನೂ ಬೇಗನೆ ತಿನ್ನಲಾರಂಭಿಸುತ್ತದೆ. ಅಡ್ಡಪಟ್ಟಿ ಬಿಗಿಯದೆ ಬೆಸೆದಿದ್ದರಂತೂ ಕಾರು ಕುಗ್ಗಿದ ಸ್ಥಿತಿಯಲ್ಲಿಯೇ ಶಾಶ್ವತವಾಗಿ ನಿಂತುಬಿಡುತ್ತದೆ.

ಇದನ್ನು ಪತ್ತೆಹಚ್ಚುವ ಬಗೆ ಹೀಗೆ. ಮುಂದಿನ ಮಡ್ಗಾರ್ಡಿನ ಕೆಳಗಿನ ಅಂಚು ಸಿಲ್‌ನೊಡನೆ ಸೇರುವಲ್ಲಿ ಜೋಡಣೆಯ ಗೆರೆ ಸ್ಪಷ್ಟವಾಗಿ ಕಾಣಬೇಕು. ಆ ಗೆರೆ ನುಣ್ಣಗೆ ಮುಚ್ಚಿಹೋಗಿದ್ದರೆ ಅಲ್ಲಿ ಪುಟ್ಟಿಯಿದೆ. ಕಾರಿನ ಅಡಿಯಲ್ಲಿ ಸಿಲ್ ಮತ್ತು ಕ್ಯಾಸಲ್ ರೈಲ್ ಕೂಡುವ ಅಂಚು, ನೀರು ಹರಿಯುವ ರಂಧ್ರಗಳು ಕಾಣುವಂತಿರಬೇಕು. ಅವು ಕಾಣದೆ, ಅಂಚಿನ ಮೇಲೆಯೇ ಮತ್ತೊಂದು ತಗಡು ಹೊದ್ದುಕೊಂಡಿದ್ದರೆ ಅದು ಹೊದಿಕೆಯ ಸಿಲ್. ಬಳಿಕ ಒಳಗೆ ಬಂದು, ರತ್ನಗಂಬಳಿಯನ್ನು ಎತ್ತಿ, ಒಳಗಿನ ಸಿಲ್ ನೆಲದ ತಗಡನ್ನು ಕೂಡುವ ಮೂಲೆಯನ್ನು ಉದ್ದಕ್ಕೂ ಬೆರಳಿನಿಂದ ಒತ್ತಿ ನೋಡಬೇಕು. ಗಟ್ಟಿ ತಗಡನ್ನು ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದರೆ ಕಣಕಣ ಎನ್ನುತ್ತದೆ. ತುಕ್ಕು ತಿಂದದ್ದು, ಪುಟ್ಟಿ ತುಂಬಿದ್ದು, ಒದ್ದೆಯ ಮಡಕೆಯಂತೆ ಮಂದವಾಗಿ ಸದ್ದು ಮಾಡುತ್ತದೆ. ಸಂತೆಯಲ್ಲಿ ಮಡಕೆಯನ್ನು ತಟ್ಟಿ ಕೊಳ್ಳುವ ನಮ್ಮ ಗೃಹಿಣಿಯರಿಗೆ ಈ ವಿದ್ಯೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ.

ಇತರ ಅಡಗುದಾಣಗಳು

ಮುಂದಿನ ಮಡ್ಗಾರ್ಡಿನಲ್ಲಿ ಚಕ್ರದ ಹಿಂಬದಿಗೆ ಕೆಸರು ತಡೆಯುವ ತಗಡೊಂದಿದ್ದು, ಅದರ ಅಂಚಿಗೆ ರಬ್ಬರಿನ ಪಟ್ಟಿಯಿದೆ. ಕಾಲಕ್ರಮದಲ್ಲಿ ರಬ್ಬರು ಬಿರಿದುಹೋಗಿ ಉಪ್ಪುಗೆಸರು ಅದರ ಹಿಂದಿನ ಪೊಳ್ಳಿಗೆ ನುಗ್ಗುತ್ತದೆ. ಆ ಪೊಳ್ಳಿನ ತಳವೇ ಸಿಲ್‌ನ ಮುಂತುದಿಯಾದುದರಿಂದ ಎರಡೂ ಒಟ್ಟಿಗೆ ಹಾಳಾಗುತ್ತವೆ. ದೀಪದ ಹಿಂಬದಿಯ ಮೇಲ್ಭಾಗದಲ್ಲಿಯೂ ಕೆಸರು ಕಟ್ಟುತ್ತದೆ. ಚಕ್ರದ ಮೇಲಿನಿಂದ ಕೈಯಾಡಿಸಿದರೆ ಕೆಸರಿನ ಹೆಂಟೆಗಳು ಕೈಗೆ ಸಿಕ್ಕಾವು.

ಬಾಗಿಲುಗಳ ತಳದಲ್ಲಿ, ಹೊರತಗಡನ್ನು ಒಳಚೌಕಟ್ಟಿಗೆ ಮಡಿಸಿದ ಅಂಚಿನಲ್ಲಿ, ಗಾಜಿನಿಂದಿಳಿದ ಮಳೆನೀರು ನಿಲ್ಲುತ್ತದೆ. ಮುಂದಿನ ಸಣ್ಣ ತ್ರಿಕೋನ ಗಾಜಿನ ಬುಡದಿಂದ ಬಾಗಿಲಿನ ತಗಡು ಸೀಳುವುದು ಎಂ.ಜಿ.ಬಿ.ಯ ಪ್ರಸಿದ್ಧವಾದ ದೋಷ. ಅದು ತುಕ್ಕಿನಿಂದಾದ ಬಿರುಕಲ್ಲ, ತಗಡಿನ ಮೇಲೆ ಬೀಳುವ ಒತ್ತಡದಿಂದಾದುದು. ಆದರೆ ಬಿರುಕಿನಲ್ಲಿ ಬಣ್ಣ ಒಡೆದು ತುಕ್ಕಿಗೆ ದಾರಿಯಾಗುತ್ತದೆ.

ಗಾಳಿಗಾಜಿನ ಮುಂದಿನ ಜಾಲರಿಯ ಮೂಲಕ ಇಳಿಯುವ ಮಳೆನೀರು ಹೊರಹೋಗಲು ಕೊಳವೆಯೊಂದಿದೆ. ಅದು ಎಲೆಕಸದಿಂದ ಕಟ್ಟಿಕೊಂಡರೆ ನೀರು ಕಾಲಿಡುವ ಜಾಗಕ್ಕೆ ಬರುತ್ತದೆ. ಅಲ್ಲಿನ ರತ್ನಗಂಬಳಿಯನ್ನು ಮುಟ್ಟಿ, ತೇವವಿದೆಯೇ, ಮುಗ್ಗುಲು ವಾಸನೆಯಿದೆಯೇ ಎಂದು ಪರೀಕ್ಷಿಸಬೇಕು.

ಬ್ಯಾಟರಿ ಇರುವುದು ಆಸನಗಳ ಹಿಂದೆ, ನೆಲದ ಕೆಳಗೆ ನೇತುಬಿದ್ದ ಪೆಟ್ಟಿಗೆಗಳಲ್ಲಿ. 1974ರವರೆಗಿನ ಕಾರುಗಳಲ್ಲಿ 6 ವೋಲ್ಟಿನ ಎರಡು ಬ್ಯಾಟರಿಗಳಿದ್ದುವು. ಅನಂತರದವುಗಳಲ್ಲಿ 12 ವೋಲ್ಟಿನ ಒಂದೇ ಬ್ಯಾಟರಿ. ಮೇಲಿನಿಂದ ತೊಟ್ಟಿಕ್ಕುವ ಆಮ್ಲ, ಕೆಳಗಿನಿಂದ ಎರಚುವ ಉಪ್ಪುನೀರು ಇವೆರಡರ ನಡುವೆ ಸಿಕ್ಕ ಈ ಪೆಟ್ಟಿಗೆಗಳ ತಳ ಬಹಳ ಬೇಗ ಹೋಗುತ್ತದೆ. ಮುಚ್ಚಳವನ್ನು ತೆಗೆಸಿ ಮೇಲಿನಿಂದಲೂ, ಟಾರ್ಚು ಹಿಡಿದು ಕೆಳಗಿನಿಂದಲೂ ನೋಡಬೇಕು.

ಹಿಂಭಾಗದಲ್ಲಿ ಗಮನಿಸತಕ್ಕವು ಮೂರು. ಚಕ್ರದ ಮೇಲಿನ ಕಮಾನಿನಲ್ಲಿ ಒಳ ಹೊರ ತಗಡುಗಳು ಕೂಡುವ ಅಂಚು ಮೊದಲನೆಯದು. ಹಿಂದಿನ ಪಟ್ಟಿಸ್ಪ್ರಿಂಗುಗಳನ್ನು ಬಾಡಿಗೆ ಬಿಗಿದಿರುವ ಜಾಗಗಳು ಎರಡನೆಯದು. ಇಲ್ಲಿ ತುಕ್ಕಿದ್ದರೆ ಹಿಂದಿನ ಆಕ್ಸಲ್ಲನ್ನು ಹಿಡಿದಿರುವ ಬಂಧವೇ ಸಡಿಲವಾಗುವುದರಿಂದ ಅದು ನೇರವಾಗಿ ಅಪಾಯಕಾರಿ. ಮೂರನೆಯದು ಡಿಕ್ಕಿಯ ನೆಲ ಮತ್ತು ಅದರ ಕೆಳಗೆ ಬಿಗಿದ ಪೆಟ್ರೋಲ್ ಟ್ಯಾಂಕಿನ ಮೇಲ್ಮೈ. ಇವೆರಡರ ನಡುವೆ ಕೂತ ತೇವ ಒಣಗುವುದೇ ಇಲ್ಲ. ಡಿಕ್ಕಿಯನ್ನು ತೆರೆದಾಗ ಪೆಟ್ರೋಲಿನ ವಾಸನೆ ಬಂದರೆ ಟ್ಯಾಂಕು ತೂತಾಗಿರುವ ಸಂಭವವುಂಟು. ಜಿ.ಟಿ. ಮಾದರಿಯಲ್ಲಿ ಇವುಗಳ ಜೊತೆಗೆ ಹಿಂಬಾಗಿಲಿನ ಕೆಳ ಅಂಚನ್ನೂ ಗಾಳಿಗಾಜಿನ ಚೌಕಟ್ಟನ್ನೂ ನೋಡಬೇಕು.

ಅಯಸ್ಕಾಂತವೂ ಬಣ್ಣವೂ

ಪುಟ್ಟಿಯ ಪದರ ದಪ್ಪವಿದ್ದಲ್ಲಿ ಅಯಸ್ಕಾಂತ ಅಂಟುವುದಿಲ್ಲ, ಅಥವಾ ಬಲಹೀನವಾಗಿ ಅಂಟುತ್ತದೆ. ಗಟ್ಟಿಯೆಂದು ಖಚಿತವಾದ ಜಾಗದಲ್ಲಿ ಮೊದಲು ಅದರ ಎಳೆತವನ್ನು ಕೈಗೆ ಪರಿಚಯ ಮಾಡಿಕೊಂಡು, ಅನಂತರ ಚಕ್ರದ ಕಮಾನು, ಮಡ್ಗಾರ್ಡಿನ ಕೆಳಭಾಗ, ಸಿಲ್, ಬಾಗಿಲಿನ ತಳ ಇವುಗಳ ಮೇಲೆ ನಿಧಾನವಾಗಿ ಸರಿಸಬೇಕು. ಆದರೆ ಇಲ್ಲಿ ವಿವೇಕವೂ ಬೇಕು. ಆರಂಭದ ವರ್ಷಗಳ ಎಂ.ಜಿ.ಬಿ.ಗಳ ಬಾನೆಟ್ಟು ಅಲ್ಯೂಮಿನಿಯಮಿನದು. ಅದಕ್ಕೆ ಅಯಸ್ಕಾಂತ ಅಂಟುವುದಿಲ್ಲವೆಂದು ಮಾಲೀಕನನ್ನು ದೂಷಿಸಿದರೆ ನಗೆಪಾಟಲಾದೇವು. ಹೊದಿಕೆಯ ಸಿಲ್ ಸಹ ಉಕ್ಕಿನದೇ ಆದುದರಿಂದ ಅಲ್ಲಿ ಅಯಸ್ಕಾಂತ ಚೆನ್ನಾಗಿಯೇ ಅಂಟುತ್ತದೆ. ಆದುದರಿಂದ ಒಂದೇ ಪರೀಕ್ಷೆಯನ್ನು ನೆಚ್ಚಿಕೊಳ್ಳಬಾರದು. ಕಣ್ಣು, ಕಿವಿ, ಕೈ ಮೂರರ ಸಾಕ್ಷಿಯೂ ಒಂದಕ್ಕೊಂದು ಹೊಂದಬೇಕು.

ಕಾರಿನ ಅಡಿಗೆ ಹೊಸದಾಗಿ ದಪ್ಪನೆಯ ಕಪ್ಪು ಲೇಪನ ಬಳಿದಿದ್ದರೆ ಅದನ್ನು ಗುಣವೆಂದು ತಿಳಿಯಬಾರದು. ಸ್ವಚ್ಛವಾದ ತಗಡಿನ ಮೇಲೆ ಬಳಿದ ಲೇಪನ ಕಾಪಾಡುತ್ತದೆ; ತುಕ್ಕಿನ ಮೇಲೆ ಬಳಿದದ್ದು ತೇವವನ್ನು ಒಳಗೇ ಬಂಧಿಸಿ ಕೆಡುಕನ್ನು ಹೆಚ್ಚಿಸುತ್ತದೆ. ಮಾರಾಟಕ್ಕೆ ಕೆಲವೇ ದಿನಗಳ ಹಿಂದೆ ಹಚ್ಚಿದ ಬಣ್ಣವನ್ನೂ ಲೇಪನವನ್ನೂ ಅನುಮಾನದಿಂದ ಕಾಣುವುದು ಅನುಭವಸ್ಥರ ಪದ್ಧತಿ. ಕೆಲಸ ನಡೆಯುವಾಗ ಹಂತಹಂತವಾಗಿ ತೆಗೆದ ಛಾಯಾಚಿತ್ರಗಳನ್ನು ತೋರಿಸಬಲ್ಲ ಮಾಲೀಕನ ಮಾತಿಗೆ ಬೆಲೆ ಹೆಚ್ಚು.

ದಾಖಲೆಗಳು ಹೇಳುವ ಕಥೆ

ಬ್ರಿಟನ್ನಿನಲ್ಲಿ ವಾಹನಗಳ ವಾರ್ಷಿಕ ಯೋಗ್ಯತಾ ತಪಾಸಣೆಗೆ ‘ಎಂ.ಒ.ಟಿ.’ ಎಂದು ಹೆಸರು. 1960ರಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಬಾಡಿಯ ಆಧಾರಭಾಗಗಳ ತುಕ್ಕನ್ನೂ ಪರೀಕ್ಷಿಸಲಾಗುತ್ತದೆ. ಆದರೆ ಪರೀಕ್ಷಕನು ಯಾವ ಭಾಗವನ್ನೂ ಬಿಚ್ಚುವಂತಿಲ್ಲ. ಕಂಡದ್ದನ್ನು ಮಾತ್ರ ಬರೆಯುತ್ತಾನೆ. 2018ರ ಮೇ ತಿಂಗಳಿನಿಂದ, 40 ವರ್ಷ ಮೀರಿದ ಮತ್ತು ಮೂಲರೂಪದಲ್ಲಿ ಗಣನೀಯ ಬದಲಾವಣೆಯಾಗದ ವಾಹನಗಳಿಗೆ ಈ ತಪಾಸಣೆಯಿಂದ ವಿನಾಯಿತಿ ದೊರೆಯಿತು. ಎಂ.ಜಿ.ಬಿ.ಗಳೆಲ್ಲ ಇಂದು ಈ ವಯಸ್ಸನ್ನು ದಾಟಿವೆ. ಆದ್ದರಿಂದ ಹಲವು ವರ್ಷಗಳಿಂದ ಯಾರೂ ಅಡಿಗೆ ಇಣುಕಿ ನೋಡದ ಕಾರೂ ಕಾನೂನುಬದ್ಧವಾಗಿ ರಸ್ತೆಯ ಮೇಲೆ ಓಡುತ್ತಿರಬಹುದು. ಕೊಳ್ಳುವವನ ಹೊಣೆ ಈಗ ಹಿಂದೆಂದಿಗಿಂತ ಹೆಚ್ಚಾಗಿದೆ.

ಹೀಗಿದ್ದರೂ ಹಳೆಯ ತಪಾಸಣೆಗಳ ಫಲಿತಾಂಶಗಳನ್ನು ಅಲ್ಲಿನ ಸರ್ಕಾರ ಅಂತರಜಾಲದಲ್ಲಿ ಉಚಿತವಾಗಿ ಒದಗಿಸಿದೆ. ವಾಹನದ ನೋಂದಣಿ ಸಂಖ್ಯೆಯೊಂದಿದ್ದರೆ 2005ರಿಂದೀಚಿನ ದಾಖಲೆಗಳನ್ನು ಓದಬಹುದು. ಒಂದು ವರ್ಷ ‘ಸಿಲ್‌ನಲ್ಲಿ ತುಕ್ಕು’ ಎಂದು ಬರೆದಿದ್ದು, ಮರುವರ್ಷ ಆ ಮಾತೇ ಇಲ್ಲದಿದ್ದರೆ, ನಡುವೆ ಏನು ದುರಸ್ತಿಯಾಯಿತೆಂದು ಮಾಲೀಕನನ್ನು ಕೇಳಬೇಕು. ಅದರ ರಸೀದಿಯನ್ನೂ ಕೇಳಬೇಕು. ರಸೀದಿಯಿದ್ದರೆ ಸಂತೋಷ. ಇಲ್ಲದಿದ್ದರೆ ಆ ತುಕ್ಕು ವಾಸಿಯಾಯಿತೋ ಮುಚ್ಚಿಹೋಯಿತೋ ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಕೊಳ್ಳುವ ನಿರ್ಧಾರ

ಇಷ್ಟೆಲ್ಲ ಓದಿದ ಮೇಲೆ ತುಕ್ಕಿಲ್ಲದ ಎಂ.ಜಿ.ಬಿ. ಎಲ್ಲಿದೆಯೆಂದು ವಾಚಕರು ಕೇಳಬಹುದು. ಕ್ಯಾಲಿಫೋರ್ನಿಯದಂತಹ ಒಣಹವೆಯ ನಾಡಿನಲ್ಲಿ ಬಾಳಿ ಮರಳಿ ಬಂದ ಕಾರುಗಳ ಬಾಡಿ ಸಾಮಾನ್ಯವಾಗಿ ಗಟ್ಟಿಯಾಗಿರುತ್ತದೆ. ಬಿಸಿಲಿಗೆ ಬಿರಿದ ಆಸನ, ರಬ್ಬರುಗಳನ್ನು ಬದಲಾಯಿಸುವುದು ಸುಲಭ. 1988ರಿಂದ ‘ಬ್ರಿಟಿಷ್ ಮೋಟಾರ್ ಹೆರಿಟೇಜ್’ ಸಂಸ್ಥೆ ಮೂಲ ಅಚ್ಚುಗಳನ್ನೇ ಬಳಸಿ ಎಂ.ಜಿ.ಬಿ.ಯ ಸಂಪೂರ್ಣ ಹೊಸ ಬಾಡಿಗಳನ್ನು ತಯಾರಿಸಲಾರಂಭಿಸಿತು. ಅಂತಹ ಬಾಡಿಗೆ ಹಳೆಯ ಯಂತ್ರಭಾಗಗಳನ್ನು ಜೋಡಿಸಿದ ಕಾರುಗಳೂ ಮಾರಾಟಕ್ಕೆ ಬರುತ್ತವೆ. ಸಂಬಂಧಪಟ್ಟ ದಾಖಲೆಗಳಿದ್ದರೆ ಅವು ಹೆಚ್ಚಿನ ಬೆಲೆಗೆ ಯೋಗ್ಯವೇ.

ಉಳಿದ ಕಾರುಗಳಲ್ಲಿ ಆಯ್ಕೆ ಮಾಡುವಾಗ ನೆನಪಿಡಬೇಕಾದ ಸೂತ್ರವೊಂದಿದೆ. ಕಾಣುವ ತುಕ್ಕಿಗೆ ಹೆದರಬೇಕಾಗಿಲ್ಲ; ಮುಚ್ಚಿಟ್ಟ ತುಕ್ಕಿಗೆ ಹೆದರಬೇಕು. ಬಣ್ಣ ಮಾಸಿದ, ಮಡ್ಗಾರ್ಡಿನಲ್ಲಿ ತೂತು ಬಿದ್ದ ಕಾರಾದರೂ ಯಾರೂ ಕೈಹಾಕದೆ ಇದ್ದರೆ ಅದರ ರೋಗವೆಷ್ಟು, ಮದ್ದಿನ ಬೆಲೆಯೆಷ್ಟು ಎಂದು ಲೆಕ್ಕ ಹಾಕಬಹುದು. ಮುಂದಿನ ಮಡ್ಗಾರ್ಡು ಬೋಲ್ಟುಗಳಿಂದ ಬಿಗಿದದ್ದು, ಬಾಗಿಲು ಕೀಲಿನ ಮೇಲೆ ನಿಂತದ್ದು. ಅವುಗಳನ್ನು ಬದಲಾಯಿಸಬಹುದು. ಸಿಲ್, ನೆಲ, ಸ್ಪ್ರಿಂಗಿನ ಬಂಧಸ್ಥಾನಗಳು ಗಟ್ಟಿಯಾಗಿದ್ದರೆ ಚೌಕಾಸಿ ಮಾಡಿ ಕೊಳ್ಳಬಹುದು. ಹೊಳೆಯುವ ಬಣ್ಣದ ಕೆಳಗೆ ಹೊದಿಕೆಯ ಸಿಲ್ ಅಡಗಿದ್ದರೆ ನಾವು ಎರಡು ಬಾರಿ ಹಣ ತೆರುತ್ತೇವೆ: ಮೊದಲು ಆ ಬಣ್ಣದ ಸೊಗಸಿಗೆ, ಆಮೇಲೆ ಅದೇ ಬಣ್ಣವನ್ನು ಕಿತ್ತು ಕೆಳಗಿನದನ್ನು ಸರಿಪಡಿಸುವುದಕ್ಕೆ.

ಕೊನೆಯದಾಗಿ ಒಂದು ಮಾತು. ಈ ಪರೀಕ್ಷೆಗಳಿಗೆ ವಿಶೇಷ ವಿದ್ಯೆಯಾಗಲಿ ಬೆಲೆಬಾಳುವ ಉಪಕರಣಗಳಾಗಲಿ ಬೇಕಾಗಿಲ್ಲ. ಬೇಕಾದುದು ಒಂದೆರಡು ಗಂಟೆಗಳ ತಾಳ್ಮೆ, ಬಟ್ಟೆ ಕೊಳೆಯಾದೀತೆಂದು ಅಂಜದ ಮನಸ್ಸು, ಮತ್ತು ಆಸೆಪಟ್ಟ ವಸ್ತುವನ್ನು ಬೇಡವೆಂದು ಬಿಟ್ಟು ಬರುವ ಧೈರ್ಯ. ಈ ಮೂರನೆಯದೇ ಎಲ್ಲಕ್ಕಿಂತ ಕಷ್ಟದ್ದು. ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಕಾರು ಇದು. ಇಂದು ಬಿಟ್ಟು ಬಂದರೆ ಮುಂದಿನ ತಿಂಗಳು ಇನ್ನೊಂದು ಮಾರಾಟಕ್ಕೆ ಬಂದೇ ಬರುತ್ತದೆ. ಅದರ ಮುಂದೆ ನಿಂತಾಗಲೂ ಬಣ್ಣವನ್ನು ಕಡೆಯಲ್ಲಿ ನೋಡಿ, ಬಾಗಿಲಿನ ಹೊಸ್ತಿಲನ್ನು ಮೊದಲು ನೋಡುವುದನ್ನು ಮರೆಯದಿರೋಣ.